ಸ್ಪಾಕ್ ನಗಲಿಲ್ಲ, ನಿಮೊಯ್ ನಗಿಸಿದರು

ಲಿಯೊನಾರ್ಡ್ ನಿಮೊಯ್ ಅಂತ ಹೆಸರು ಹೇಳಿದರೆ ಹಾಸನದಲ್ಲಿ ಹೆಚ್ಚಿನವರು "ಯಾರು ಅದು?" ಅನ್ನುತ್ತಾರೆ. ಚೂಪು ಕಿವಿ, ಓರೆಯಾಗಿ ಮೇಲಕ್ಕೇರಿದ ಹುಬ್ಬು, ಹಣೆಯ ಮೇಲೆ ಸ್ಕೇಲಿಟ್ಟು ಕತ್ತರಿಸಿದಂಥ ಕೂದಲು ಅಂತ ಹೇಳಿದ ಮೇಲೆ "ಓ, ಸ್ಪಾಕ್!" ಅಂತ ಮುಖ ಅರಳುತ್ತದೆ. ಸ್ಟಾರ್ ಟ್ರೆಕ್ ಅನ್ನುವ ಅಮೆರಿಕದ ಬಾಹ್ಯಾಕಾಶ ಧಾರಾವಾಹಿಯಲ್ಲಿ ಭಾವನೆ ತೋರಿಸದ, ವಲ್ಕನ್ ಅನ್ನುವ ಗ್ರಹದವನ ಪಾತ್ರ ಅದು, ಮಾಡಿದವರು ನಿಮೊಯ್. ಅದರಲ್ಲೂ ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಸ್ಟಾರ್ ಟ್ರೆಕ್ ನೋಡಿದ ವಯಸ್ಸಿನವರಾದರೆ ಮುಗಿಯಿತು, ಬಲಗೈ ಎತ್ತಿ ಸ್ಪಾಕ್ ನಮಸ್ಕಾರ ಮಾಡುವ ಹಾಗೆ ಬೆರಳುಗಳನ್ನು ಎರಡೆರಡಾಗಿ ಬಿಡಿಸೋಕೆ ಶುರು ಮಾಡುತ್ತಾರೆ. ಎಲ್ಲರಿಗೂ ಬರಲ್ಲ ಅದು. ನನಗೆ ಎಡಗೈಯಲ್ಲಿ ಇವತ್ತಿಗೂ ಬರಲ್ಲ.

ಆದರೆ ನಾನು ಹೇಳಹೊರಟಿರುವುದು ಆ ಕಿವಿ ಬಿಚ್ಚಿಟ್ಟು ಕ್ಯಾಮೆರಾ ಹಿಂದೆ ಹೋಗಿ ನಿಂತ ಮನುಷ್ಯನ ಬಗ್ಗೆ. ಜೊತೆಗೆ ಅವರು ಬರೆದ ಪುಸ್ತಕಗಳ ಬಗ್ಗೆ. ಸ್ಟಾರ್ ಟ್ರೆಕ್ ಇಷ್ಟಪಡುವ ಗೆಳೆಯರು ಸಿಕ್ಕಾಗಲೆಲ್ಲ ನಾನು ಒಂದೇ ವಾದ ಮಾಡುತ್ತೇನೆ, ಅವರು ಒಪ್ಪುವುದಿಲ್ಲ. ನಿಮೊಯ್ ನಟರಾಗಿ ದೊಡ್ಡವರು, ಅದರಲ್ಲಿ ಜಗಳ ಇಲ್ಲ. ಆದರೆ ನಿರ್ದೇಶಕರಾಗಿ 1986ರಲ್ಲಿ ಮಾಡಿದ ನಾಲ್ಕನೇ ಸ್ಟಾರ್ ಟ್ರೆಕ್ ಸಿನಿಮಾ, ಆ ತಿಮಿಂಗಿಲಗಳ ಚಿತ್ರ ಇದೆಯಲ್ಲ, ಅದು ಅವರ ಸ್ಪಾಕ್‌ಗಿಂತ ಒಂದು ಕೈ ಮೇಲು. ಇಪ್ಪತ್ತು ವರ್ಷ ಮುಖ ಬಿಗಿಹಿಡಿದು ನಟಿಸಿದವರು ಆ ಚಿತ್ರದಲ್ಲಿ ಮನಸಾರೆ ನಕ್ಕಿದ್ದಾರೆ, ಬೇರೆಯವರ ಬಾಯಿಂದ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಹುಟ್ಟಿದ್ದು 1931ರಲ್ಲಿ, ಬಾಸ್ಟನ್‌ನ ವೆಸ್ಟ್ ಎಂಡ್‌ನಲ್ಲಿ. ಅಪ್ಪ ಅಮ್ಮ ಈಗಿನ ಉಕ್ರೇನ್ ಕಡೆಯಿಂದ ವಲಸೆ ಬಂದ ಯೆಹೂದಿಗಳು, ಅಪ್ಪನದು ಕ್ಷೌರದ ಅಂಗಡಿ. ಸೈನ್ಯದಲ್ಲಿ ಸ್ವಲ್ಪ ಕಾಲ, ಆಮೇಲೆ ಲಾಸ್ ಏಂಜಲೀಸ್‌ನಲ್ಲಿ ಟ್ಯಾಕ್ಸಿ ಓಡಿಸಿಕೊಂಡು ಸಣ್ಣಪುಟ್ಟ ಪಾತ್ರಗಳು. 1966ರಲ್ಲಿ ಸ್ಟಾರ್ ಟ್ರೆಕ್ ಶುರುವಾದಾಗ ವಯಸ್ಸು ಮೂವತ್ತೈದು. ಮೂರು ಸೀಸನ್, 79 ಕಂತು, 1969ಕ್ಕೆ ಮುಗಿಯಿತು. ಕಿವಿ ನೋಡಿ ಜನ ಹೆದರುತ್ತಾರೆ ಅಂತ ಎನ್‌ಬಿಸಿ ಚಾನೆಲ್‌ನವರು ಮೊದಲ ಪ್ರಚಾರದ ಪುಸ್ತಿಕೆಯಲ್ಲಿ ಚೂಪು ತುದಿಯನ್ನೇ ತಿದ್ದಿ ದುಂಡಗೆ ಮಾಡಿದ್ದರಂತೆ!

ಸ್ಪಾಕ್ ಪಾತ್ರ ಬರಹಗಾರರ ಕೈಯಿಂದ ಪೂರ್ತಿ ಸಿದ್ಧವಾಗಿ ಬಂದದ್ದಲ್ಲ. ಮೊದಲು ತೆಗೆದು ಚಾನೆಲ್ ತಿರಸ್ಕರಿಸಿದ ಪೈಲಟ್ ಅನ್ನುವ ಮಾದರಿ ಕಂತಿನಲ್ಲಿ ಸ್ಪಾಕ್ ಒಂದು ಗಿಡದ ಎಲೆ ಮುಟ್ಟಿ ಹಲ್ಲು ಕಾಣುವ ಹಾಗೆ ನಗುತ್ತಾನೆ, ಈಗ ನೋಡಿದರೆ ಯಾರೋ ಬೇರೆಯವನು ಅನ್ನಿಸುತ್ತದೆ. ಶುರುವಿನಲ್ಲಿ ಎಲ್ಲರ ಹಾಗೆ ಗಟ್ಟಿಯಾಗಿ ಕೂಗಿ ಸಂಭಾಷಣೆ ಹೇಳುತ್ತಿದ್ದ ನಿಮೊಯ್‌ಗೆ ಜೋಸೆಫ್ ಸಾರ್ಜೆಂಟ್ ಅನ್ನುವ ನಿರ್ದೇಶಕ ಒಂದು ದಿನ, ಎಲ್ಲರೂ ಗಾಬರಿಯಾದಾಗ ನೀನು ಮಾತ್ರ ವಿಜ್ಞಾನಿಯ ಹಾಗೆ ಕುತೂಹಲದಿಂದ ನೋಡು ಅಂದರು. ಆ ದಿನ ‘ಫ್ಯಾಸಿನೇಟಿಂಗ್’ ಅನ್ನುವ ಒಂದೇ ಮಾತಿನಲ್ಲಿ ಪಾತ್ರ ಸಿಕ್ಕಿಬಿಟ್ಟಿತು. ಇನ್ನೊಂದು ಪಾಠ ಗಾಯಕ ಹ್ಯಾರಿ ಬೆಲಫೊಂಟೆ ಅವರಿಂದ. ವೇದಿಕೆ ಮೇಲೆ ಬಹಳ ಹೊತ್ತು ಕೈ ಅಲ್ಲಾಡಿಸದೆ ಹಾಡಿ, ಕೊನೆಗೆ ಒಂದು ಕೈಯನ್ನು ನಿಧಾನವಾಗಿ ಎತ್ತಿದಾಗ ಇಡೀ ಸಭೆ ಹೇಗೆ ಮಿಡಿಯಿತು ಅನ್ನುವುದನ್ನು ನಿಮೊಯ್ ನೋಡಿದ್ದರು. ಸ್ಪಾಕ್‌ನ ಒಂದೇ ಒಂದು ಹುಬ್ಬು ಏರುವುದು ಅಷ್ಟು ತೂಕದ್ದಾಗಿದ್ದು ಅದಕ್ಕೇ.

ಉಳಿದದ್ದನ್ನೆಲ್ಲ ಅವರೇ ಸೇರಿಸಿಕೊಂಡರು. ಒಂದು ಕಂತಿನ ಚಿತ್ರಕಥೆಯಲ್ಲಿ ಸ್ಪಾಕ್ ಹಿಂದಿನಿಂದ ಬಂದು ಪಿಸ್ತೂಲಿನ ಹಿಡಿಯಿಂದ ತಲೆಗೆ ಹೊಡೆಯಬೇಕಿತ್ತು. ಇದು ಕೌಬಾಯ್ ಸಿನಿಮಾ ಹೊಡೆದಾಟ, ನನ್ನ ಪಾತ್ರಕ್ಕೆ ಹೊಂದಲ್ಲ ಅಂತ ನಿಮೊಯ್ ಕತ್ತಿನ ಬುಡಕ್ಕೆ ಬೆರಳು ಒತ್ತಿ ಪ್ರಜ್ಞೆ ತಪ್ಪಿಸುವ ಉಪಾಯ ಹೇಳಿದರು. ಎದುರಿಗಿದ್ದ, ಕ್ಯಾಪ್ಟನ್ ಕರ್ಕ್ ಪಾತ್ರದ ವಿಲಿಯಂ ಶಾಟ್ನರ್ ಕಟ್ಟಿದ ಹಗ್ಗ ಬಿಚ್ಚಿದ ಹಾಗೆ ಕುಸಿದು ಬಿದ್ದರು, ಅವರು ಹಾಗೆ ಬೀಳದಿದ್ದರೆ ಅದನ್ನು ಯಾರೂ ನಂಬುತ್ತಿರಲಿಲ್ಲ. 1967ರಲ್ಲಿ ಬಂದ ಕೈಸನ್ನೆಯ ಕಥೆ ಇನ್ನೂ ಚೆನ್ನಾಗಿದೆ. ಹುಡುಗನಾಗಿದ್ದಾಗ ಬಾಸ್ಟನ್‌ನ ಸಿನಗಾಗ್‌ನಲ್ಲಿ, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಪುರೋಹಿತ ವಂಶದವರು ಆಶೀರ್ವಾದ ಮಾಡುವ ಹೊತ್ತಿಗೆ ಎಲ್ಲರೂ ಕಣ್ಣು ಮುಚ್ಚಬೇಕು, ನೋಡಬಾರದು ಅಂತ ಅಪ್ಪ ಹೇಳಿದ್ದರು. ಈ ಹುಡುಗ ಇಣುಕಿ ನೋಡಿದ. ಅವರ ಬೆರಳುಗಳು ಹಾಗೆ ಎರಡೆರಡಾಗಿ ಬಿಡಿಸಿಕೊಂಡಿದ್ದವು. ಆಗ ಕದ್ದು ನೋಡಿದ್ದು ಇಪ್ಪತ್ತು ಮೂವತ್ತು ವರ್ಷ ಆದಮೇಲೆ ವಲ್ಕನ್ ಗ್ರಹದವರ ನಮಸ್ಕಾರ ಆಯಿತು. ಬೇರೆಯವರು ಬರೆದ ಪಾತ್ರಕ್ಕೆ ಇಷ್ಟೆಲ್ಲ ಕೂಡಿಸುವ ನಟನೊಳಗೆ ಆಗಲೇ ಒಬ್ಬ ನಿರ್ದೇಶಕ ಕೂತಿದ್ದ ಅಂತ ನನ್ನ ಅನಿಸಿಕೆ.

ಈಗ ಪುಸ್ತಕಕ್ಕೆ ಬರೋಣ. 1975ರಲ್ಲಿ ಅವರ ಮೊದಲ ಆತ್ಮಕಥೆ ಬಂತು, ಹೆಸರು ‘ಐ ಆಮ್ ನಾಟ್ ಸ್ಪಾಕ್’. ಆ ಹೆಸರು ಬಂದದ್ದು ಒಂದು ವಿಮಾನ ನಿಲ್ದಾಣದಿಂದ. ಒಬ್ಬ ತಾಯಿ ತನ್ನ ಮಗುವನ್ನು ಕರೆತಂದು, ನೋಡು ನಿನಗೆ ಇಷ್ಟವಾದ ಸ್ಪಾಕ್ ಇವರೇ ಅನ್ನುತ್ತಾಳೆ, ಮಗು ಮಾಮೂಲಿ ಕಿವಿಯ ಈ ಮನುಷ್ಯನನ್ನು ನೋಡಿ ಏನೂ ಗೊತ್ತಾಗದೆ ನಿಂತುಕೊಳ್ಳುತ್ತದೆ. ಮಗು ಸರಿ, ನಾನು ಸ್ಪಾಕ್ ಅಲ್ಲ ಅಂತ ಅಲ್ಲಿಂದ ಯೋಚನೆ ಶುರು. ಇಂಥ ಹೆಸರು ಮಾರಾಟಕ್ಕೆ ಒಳ್ಳೆಯದಲ್ಲ ಅಂತ ಪ್ರಕಾಶಕರು ಹಿಂದೇಟು ಹಾಕಿದರೂ ಇವರು ಪಟ್ಟು ಬಿಡಲಿಲ್ಲ. ಅಭಿಮಾನಿಗಳಿಗೆ ಕೆಟ್ಟ ಕೋಪ ಬಂತು. ಸ್ಟಾರ್ ಟ್ರೆಕ್ ಮತ್ತೆ ಬರಲಿ ಅಂತ ಅವರು ಹಂಬಲಿಸುತ್ತಿದ್ದ ಹೊತ್ತಿನಲ್ಲಿ ಮುಖ್ಯ ನಟನೇ ಪಾತ್ರವನ್ನು ಒದ್ದು ಹೋದ ಹಾಗೆ ಕಂಡಿತು. ಅವರಲ್ಲಿ ಎಷ್ಟೋ ಜನ ಮುಖಪುಟ ದಾಟಿ ಒಳಗೆ ಹೋಗಲೇ ಇಲ್ಲ. ಒಳಗೆ ನೋಡಿದರೆ ನಿಮೊಯ್ ಮತ್ತು ಸ್ಪಾಕ್ ಎದುರುಬದುರು ಕೂತು ಮಾತಾಡುವ ಪುಟಗಳಿವೆ, ಒಬ್ಬರನ್ನೊಬ್ಬರು ಕಾಲೆಳೆಯುತ್ತಾರೆ, ಟಿವಿಯ ಯಾವ ಪಾತ್ರ ಬೇಕಾದರೂ ಆರಿಸಿಕೋ ಅಂದರೆ ನಾನು ಸ್ಪಾಕ್‌ನನ್ನೇ ಆರಿಸುತ್ತೇನೆ ಅಂತ ಲೇಖಕರೇ ಬರೆದಿದ್ದಾರೆ.

ನನಗೆ ಇದು ಚೆನ್ನಾಗಿ ಅರ್ಥವಾಗುವುದು ನಮ್ಮ ದೊಡ್ಡಪ್ಪನಿಂದ. ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವುದು ಗೊತ್ತಲ್ಲ, ಒಬ್ಬೊಬ್ಬರು ದುಡ್ಡು ಕೊಟ್ಟು ಪಾರ್ಟು ತಗೊಳ್ಳುತ್ತಾರೆ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಕೂರಿಸಿಕೊಂಡು ಕಂದಪದ್ಯ ಬಾಯಿಪಾಠ ಮಾಡಿಸುತ್ತಾರೆ. ದೊಡ್ಡಪ್ಪನದು ಕಾಯಂ ಶಕುನಿ ಪಾರ್ಟು. ಸಂತೆಗೆ ಹೋದರೆ "ಏನ್ ಶಕುನಿ ಮಾವ, ದಾಳ ತಂದಿದ್ಯಾ?" ಅಂತ ಕೂಗುತ್ತಿದ್ದರು. ಮನೆಗೆ ಬಂದು ಅವರನ್ನೆಲ್ಲ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಆದರೆ ಒಂದು ವರ್ಷ ಆ ಪಾರ್ಟನ್ನು ಪಕ್ಕದ ಊರಿನ ಹುಡುಗನಿಗೆ ಕೊಡೋಣ ಅಂತ ಮಾತು ಬಂದಾಗ ಮೇಷ್ಟ್ರ ಮನೆ ಬಾಗಿಲಿಗೇ ಹೋಗಿ ಕೂತರು. ಹಾಗೆ ಕರೆಯಬೇಡಿ, ಆದರೆ ಇನ್ನೊಬ್ಬರಿಗೂ ಕೊಡಬೇಡಿ. ನಿಮೊಯ್ ಪುಸ್ತಕ ಇಷ್ಟೆಲ್ಲ ಸುತ್ತಾಡಿ ಹೇಳುವುದು ಹೆಚ್ಚುಕಡಿಮೆ ಇದನ್ನೇ ಕಣ್ರೀ.

ಇಪ್ಪತ್ತು ವರ್ಷ ಬಿಟ್ಟು 1995ರಲ್ಲಿ ಎರಡನೆಯದು ಬಂತು, ‘ಐ ಆಮ್ ಸ್ಪಾಕ್’. ಇದರಲ್ಲಿ ಸೆಟ್ಟಿನ ಕಥೆಗಳು ಜಾಸ್ತಿ, ಮೇಲೆ ನಾನು ಹೇಳಿದ ಸಾರ್ಜೆಂಟ್ ಪ್ರಸಂಗದಂಥವು ಬೇಕಾದಷ್ಟಿವೆ. ಓದೋಕೆ ಸಲೀಸು. ಆದರೂ ನನ್ನ ಓಟು ಮೊದಲ ಪುಸ್ತಕಕ್ಕೇ. ಎರಡನೆಯದನ್ನು ಬರೆಯುವಾಗ ಎಲ್ಲ ಜಗಳ ಮುಗಿದು ಸಮಾಧಾನವಾಗಿತ್ತು, ಮೊದಲನೆಯದರಲ್ಲಿ ಮನುಷ್ಯ ಇನ್ನೂ ಚಡಪಡಿಸುತ್ತಿದ್ದಾನೆ.

ಆ ಮೊದಲ ಪುಸ್ತಕದ ಹೆಸರು ಅವರ ನಿರ್ದೇಶನಕ್ಕೇ ಅಡ್ಡ ಬಂದಿತ್ತು. 1982ರ ಎರಡನೇ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ಸ್ಪಾಕ್ ಸಾಯುತ್ತಾನೆ. ಮೂರನೆಯದನ್ನು ನಾನೇ ನಿರ್ದೇಶಿಸುತ್ತೇನೆ ಅಂತ ನಿಮೊಯ್ ಕೇಳಿದಾಗ ಚಿತ್ರ ತಯಾರಿಸುವ ಪ್ಯಾರಮೌಂಟ್ ಸ್ಟುಡಿಯೋದ ಮೈಕೆಲ್ ಐಸ್ನರ್ ಮೊದಲು ಉತ್ಸಾಹ ತೋರಿಸಿ ಆಮೇಲೆ ಹಿಂದೆ ಸರಿದರು. ಕಾರಣ ಕೇಳಿದರೆ, ನಿಮಗೆ ಸ್ಪಾಕ್ ಕಂಡರೇ ಆಗಲ್ಲ, ಸಾಯಿಸಲೇಬೇಕು ಅಂತ ಕರಾರಿನಲ್ಲೇ ಬರೆಸಿಕೊಂಡಿದ್ದೀರಲ್ಲ ಅಂದರಂತೆ. ಕರಾರು ನಿಮ್ಮ ಸ್ಟುಡಿಯೋದಲ್ಲೇ ಇದೆ, ತರಿಸಿ ಓದಿ ನೋಡಿ ಅಂದರು ನಿಮೊಯ್. ಅಂಥ ಷರತ್ತು ಅದರಲ್ಲಿ ಇರಲಿಲ್ಲ. ಕೆಲಸ ಸಿಕ್ಕಿತು.

1984ರ ಆ ಮೂರನೇ ಚಿತ್ರ ನನಗೆ ಅಷ್ಟಕ್ಕಷ್ಟೆ. ಸ್ಪಾಕ್‌ನನ್ನು ಬದುಕಿಸಿ ತರುವ ಕೆಲಸ ಇತ್ತು, ಅಚ್ಚುಕಟ್ಟಾಗಿ ಮುಗಿಸಿದ್ದಾರೆ, ಕೈ ಮಾತ್ರ ಇನ್ನೂ ಬಿಗಿಯಾಗಿದೆ. ಒಂದು ದೃಶ್ಯ ಬಿಟ್ಟು. ಮಗನನ್ನು ಕೊಂದರು ಅನ್ನುವ ಸುದ್ದಿ ಕೇಳಿ ಕ್ಯಾಪ್ಟನ್ ಕರ್ಕ್ ಹಿಂದಕ್ಕೆ ತಡವರಿಸಿ ತನ್ನ ಕುರ್ಚಿಗೂ ಸಿಗದೆ ನೆಲಕ್ಕೆ ಕುಸಿಯುತ್ತಾನೆ. ಇಡೀ ಸರಣಿಯಲ್ಲಿ ಆ ಕುರ್ಚಿ ಅಂದರೆ ಕರ್ಕ್, ಕರ್ಕ್ ಅಂದರೆ ಆ ಕುರ್ಚಿ. ಶಾಟ್ನರ್ ಅತಿಯಾಗಿ ನಟಿಸುತ್ತಾರೆ ಅಂತ ತಮಾಷೆ ಮಾಡುವವರು ಈ ದೃಶ್ಯ ಒಂದು ಸಲ ನೋಡಬೇಕು, ಯಾವ ನಟನನ್ನು ಎಲ್ಲಿಗೆ ಬಿಡಬೇಕು ಅಂತ ಗೊತ್ತಿದ್ದ ನಿರ್ದೇಶಕ ಎದುರಿಗಿದ್ದ. ಇದೇ ಚಿತ್ರದ ಇನ್ನೊಂದು ಕಥೆ ನೆನೆದು ಈಗಲೂ ನಗು ಬರುತ್ತದೆ. ಪ್ರಜ್ಞೆಯಿಲ್ಲದೆ ಮಲಗಿರುವ ಸ್ಪಾಕ್ ಪಕ್ಕ ಕೂತು ಡಾಕ್ಟರ್ ಮೆಕಾಯ್ ಮಾತಾಡುವ ದೃಶ್ಯ. ಮಲಗಿರುವವರೂ ನಿಮೊಯ್, ನಿರ್ದೇಶಕರೂ ನಿಮೊಯ್. ಮುಚ್ಚಿದ ಕಣ್ಣಿನ ರೆಪ್ಪೆ ಅಲ್ಲಾಡಿಸಿಯೇ ನನಗೆ ನಿರ್ದೇಶನ ಕೊಡುತ್ತಿದ್ದಾರೆ ಅಂತ ಮೆಕಾಯ್ ಮಾಡಿದ ಡಿಫಾರೆಸ್ಟ್ ಕೆಲಿ ದೂರಿದರಂತೆ.

ಮೂರನೆಯದು ಗೆದ್ದ ಮೇಲೆ ನಾಲ್ಕನೆಯದಕ್ಕೆ ಸ್ಟುಡಿಯೋದವರು ಪೂರ್ತಿ ಸ್ವಾತಂತ್ರ್ಯ ಕೊಟ್ಟರು, ನಿಮಗೆ ತೋಚಿದ ಹಾಗೇ ಮಾಡಿ ಅಂತ. ಆಗ ನಿಮೊಯ್ ತೀರ್ಮಾನಿಸಿದ್ದು ನೋಡಿ: ಯಾರೂ ಸಾಯಬಾರದು, ಹೊಡೆದಾಟ ಇರಬಾರದು, ಗುಂಡು ಹಾರಬಾರದು, ಖಳನಾಯಕನೂ ಬೇಡ. ಬಾಹ್ಯಾಕಾಶದ ಸಿನಿಮಾದಿಂದ ಇಷ್ಟನ್ನು ತೆಗೆದರೆ ಏನು ಉಳಿಯುತ್ತದೆ ಅಂತ ಯಾರಾದರೂ ಕೇಳುತ್ತಾರೆ. ಆ ಹೊತ್ತಿಗೆ ಅವರು ಜೀವಸಂಕುಲಗಳು ಅಳಿದುಹೋಗುವ ವಿಚಾರ ಓದುತ್ತಿದ್ದರು, ಇರುವೆಗಳ ಮೇಲೆ ಕೆಲಸ ಮಾಡಿದ ಇ. ಒ. ವಿಲ್ಸನ್ ಅವರ ಬರಹವೂ ಅದರಲ್ಲಿತ್ತು. ಒಂದು ಜೀವಿ ಹೋದರೆ ಅದರ ಜೊತೆ ಏನೇನು ಹೋಗುತ್ತದೆ ಅಂತ ಅದು ಹೋಗುವ ತನಕ ಗೊತ್ತಾಗುವುದಿಲ್ಲ ಅನ್ನುವ ವಿಷಯ ತಲೆಯಲ್ಲಿ ಕೂತಿತು. ಕಥೆ ಅಲ್ಲಿಂದ ಬಂತು. 23ನೇ ಶತಮಾನದಲ್ಲಿ ಎಲ್ಲಿಂದಲೋ ಒಂದು ಶೋಧಕ ನೌಕೆ ಭೂಮಿಗೆ ಬಂದು ಏನನ್ನೋ ಕೂಗಿ ಕರೆಯುತ್ತದೆ, ಅದರ ಶಕ್ತಿಗೆ ಸಮುದ್ರ ಆವಿಯಾಗುತ್ತಿದೆ. ಅದು ಕರೆಯುತ್ತಿರುವುದು ಮನುಷ್ಯರನ್ನಲ್ಲ, ಹಂಪ್‌ಬ್ಯಾಕ್ ತಿಮಿಂಗಿಲಗಳನ್ನು. ಅವು ಅಳಿದು ಎಷ್ಟೋ ಕಾಲ ಆಗಿದೆ. ಸರಿ, 1986ರ ಸ್ಯಾನ್ ಫ್ರಾನ್ಸಿಸ್ಕೋಗೆ ಹಿಂದಕ್ಕೆ ಹೋಗಿ ಎರಡು ತಿಮಿಂಗಿಲ ಹೊತ್ತು ತರಬೇಕು.

ಆ ಹೊತ್ತಿಗೆ ಈ ವಿಷಯ ಬಿಸಿಯಾಗಿಯೇ ಇತ್ತು. ವ್ಯಾಪಾರಕ್ಕಾಗಿ ತಿಮಿಂಗಿಲ ಬೇಟೆ ನಿಲ್ಲಿಸಬೇಕು ಅಂತ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ 1982ರಲ್ಲಿ ತೀರ್ಮಾನಿಸಿ, ಅದು ಜಾರಿಗೆ ಬಂದದ್ದು ಚಿತ್ರ ಬಿಡುಗಡೆಯಾದ ಸುಮಾರಿಗೆ. ಆದರೂ ಚಿತ್ರ ಎಲ್ಲೂ ಭಾಷಣ ಮಾಡುವುದಿಲ್ಲ. ಬಸ್ಸಿನಲ್ಲಿ ಟೇಪ್ ರೆಕಾರ್ಡರ್ ಜೋರಾಗಿ ಹಾಕಿಕೊಂಡು ಎಲ್ಲರ ತಲೆ ತಿನ್ನುವ ಒಬ್ಬ ಹುಡುಗನಿಗೆ ಸ್ಪಾಕ್ ಅದೇ ಕತ್ತಿನ ಚಿವುಟು ಕೊಡುತ್ತಾನೆ, ಬಸ್ಸಿನವರೆಲ್ಲ ಚಪ್ಪಾಳೆ ತಟ್ಟುತ್ತಾರೆ. (ಹಾಸನದಿಂದ ಬೆಂಗಳೂರಿಗೆ ಹೋಗುವಾಗ ಪಕ್ಕದ ಸೀಟಿನವರು ಮೊಬೈಲಿನಲ್ಲಿ ರೀಲ್ಸ್ ಹಚ್ಚಿದಾಗ ಈ ವಿದ್ಯೆ ನನಗೂ ಬರಬಾರದಿತ್ತೇ ಅನ್ನಿಸುತ್ತದೆ.) ಆ ಹುಡುಗನ ಪಾತ್ರ ಮಾಡಿದ್ದು ಚಿತ್ರತಂಡದ ಕರ್ಕ್ ಥ್ಯಾಚರ್, ಟೇಪಿನಲ್ಲಿ ಬರುವ ಹಾಡನ್ನೂ ಅವರೇ ಬರೆದದ್ದು. ಕರ್ಕ್ ತಂಡದ, ರಷ್ಯನ್ ಉಚ್ಚಾರದ ಚೆಕೊವ್ ಶೀತಲ ಸಮರದ ಕಾಲದಲ್ಲಿ ಅಮೆರಿಕದ ಬೀದಿಯಲ್ಲಿ ನಿಂತು, ಪರಮಾಣು ಹಡಗು ಎಲ್ಲಿದೆ ಅಂತ ಪೊಲೀಸರನ್ನೇ ಕೇಳುತ್ತಾನೆ. ಇಂಜಿನಿಯರ್ ಸ್ಕಾಟಿ ಕಂಪ್ಯೂಟರ್ ಮೌಸನ್ನು ಕೈಗೆತ್ತಿಕೊಂಡು ಬಾಯಿಯ ಹತ್ತಿರ ಹಿಡಿದು ಅದರ ಜೊತೆ ಮಾತಾಡುತ್ತಾನೆ. ನಿಮೊಯ್ ಇಲ್ಲಿ ಎಲ್ಲ ಸಹನಟರಿಗೂ ಒಂದೊಂದು ನಗೆ ಹಂಚಿ, ತಾನು ಮಾತ್ರ ಬಿಳಿ ನಿಲುವಂಗಿ ಹಾಕಿ ತಲೆಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಗಂಭೀರವಾಗಿ ನಿಂತಿರುತ್ತಾರೆ. ಕ್ಯಾಮೆರಾ ಹಿಂದೆ ನಿಂತವನಿಗೆ ನಗು ಯಾರ ಮುಖದಲ್ಲಿ ಇರಬೇಕು, ಯಾರ ಮುಖದಲ್ಲಿ ಇರಬಾರದು ಅನ್ನುವ ಲೆಕ್ಕ ಪಕ್ಕಾ ಗೊತ್ತು.

ಕೊನೆಯಲ್ಲಿ ತಿಮಿಂಗಿಲಗಳು ಆ ನೌಕೆಗೆ ಉತ್ತರ ಕೊಡುತ್ತವೆ. ಅವು ಏನು ಮಾತಾಡಿಕೊಂಡವು ಅಂತ ಕೆಳಗೆ ಅಕ್ಷರದಲ್ಲಿ ಹಾಕೋಣ ಅಂತ ಸ್ಟುಡಿಯೋದವರು ಕೇಳಿದರು. ನಿಮೊಯ್ ಖಡಾಖಂಡಿತವಾಗಿ ಬೇಡ ಅಂದರು. ನನಗೆ ಆ ಚಿತ್ರ ಅಷ್ಟು ಮೇಲು ಅನ್ನಿಸುವುದಕ್ಕೆ ಇದೊಂದು ನಿರ್ಧಾರವೇ ಸಾಕು. ಹಾಸನದಲ್ಲಿ ಬೆಳೆದವರಿಗೆ ಆ ದೃಶ್ಯ ಇನ್ನೂ ಬೇರೆ ಥರ ತಾಗುತ್ತದೆ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹ ನಿಯಂತ್ರಣ ಕೇಂದ್ರ ಇದೆಯಲ್ಲ, 1982ರಿಂದ ಆ ದೊಡ್ಡ ಬಿಳಿ ಬಟ್ಟಲುಗಳು ಆಕಾಶಕ್ಕೆ ಮುಖ ಮಾಡಿಕೊಂಡು ಉಪಗ್ರಹಗಳ ಜೊತೆ ಮಾತಾಡುತ್ತಾ ಇವೆ. ದೂರದರ್ಶನ ಊರೂರು ಮುಟ್ಟಿದ್ದು 1983ರಲ್ಲಿ ಇನ್ಸಾಟ್-1ಬಿ ಮೇಲೆ ಹೋದ ಮೇಲೆ, ಅದರ ಲಗಾಮು ಇದ್ದದ್ದು ನಮ್ಮೂರಲ್ಲಿ. ಭಾನುವಾರದ ಸ್ಪಾಕ್ ನಮ್ಮ ಮನೆಗೆ ಬಂದದ್ದು ಒಂದು ಲೆಕ್ಕದಲ್ಲಿ ಸಾಲಗಾಮೆ ರಸ್ತೆ ಹಾದು ಅಂತ ನಾನು ಹೇಳಿದರೆ ಗೆಳೆಯರು "ಸಾಕು ಸುಮ್ನಿರೋ" ಅನ್ನುತ್ತಾರೆ. ಇರಲಿ.

ಅದೇ ಚಿತ್ರದ ಶುರುವಿನಲ್ಲಿ ಸತ್ತು ಬದುಕಿದ ಸ್ಪಾಕ್‌ನ ಬುದ್ಧಿ ಸರಿಯಿದೆಯಾ ಅಂತ ಕಂಪ್ಯೂಟರ್ ಪರೀಕ್ಷೆ ಮಾಡುತ್ತದೆ. ಎಲ್ಲ ಪ್ರಶ್ನೆಗೂ ಪಟಪಟ ಉತ್ತರ ಹೇಳುವವನು ‘ನಿನಗೆ ಹೇಗನ್ನಿಸುತ್ತಿದೆ?’ ಅನ್ನುವ ಪ್ರಶ್ನೆ ಬಂದಾಗ ನಿಂತುಬಿಡುತ್ತಾನೆ. ಅದು ಮನುಷ್ಯಳಾದ ಅವನ ಅಮ್ಮ ಕೇಳಬಯಸಿದ ಪ್ರಶ್ನೆ. ಎರಡು ಗಂಟೆಯ ಓಡಾಟ, ತಮಾಷೆ ಎಲ್ಲ ಮುಗಿದ ಮೇಲೆ ಹೊರಡುವ ಅಪ್ಪನ ಹತ್ತಿರ, ನಾನು ಚೆನ್ನಾಗಿದ್ದೇನೆ ಅಂತ ಅಮ್ಮನಿಗೆ ಹೇಳಿ ಅನ್ನುತ್ತಾನೆ. ಅಷ್ಟೇ. ಅಮೆರಿಕ ಒಂದರಲ್ಲೇ ಹತ್ತು ಕೋಟಿ ಡಾಲರ್ ದಾಟಿದ, ನಾಲ್ಕು ಆಸ್ಕರ್ ನಾಮನಿರ್ದೇಶನ ಪಡೆದ ಚಿತ್ರದ ಬೆನ್ನೆಲುಬು ಈ ಒಂದು ಪ್ರಶ್ನೆ, ಈ ಒಂದು ಉತ್ತರ.

ಅದರ ಮರುವರ್ಷ ‘ತ್ರೀ ಮೆನ್ ಅಂಡ್ ಎ ಬೇಬಿ’. ಫ್ರೆಂಚ್ ಚಿತ್ರವೊಂದರ ರೀಮೇಕ್, ಮೂವರು ಗಂಡಸರ ಮನೆಬಾಗಿಲಲ್ಲಿ ಯಾರೋ ಕೂಸು ಬಿಟ್ಟು ಹೋಗುವ ಕಥೆ, ಹಿಂದಿಯ ‘ಹೇ ಬೇಬಿ’ ನೋಡಿದವರಿಗೆ ಗೊತ್ತಾಗುತ್ತದೆ. 1987ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಗಳಿಸಿದ ಚಿತ್ರ ಇದು! ಚೂಪು ಕಿವಿಯವರು ಮಾಡಿದ್ದು ಅಂತ ಹೇಳಿದರೆ ಈಗಲೂ ಎಷ್ಟೋ ಜನ ನಂಬುವುದಿಲ್ಲ. ನನಗೆ ಮಗುವಿನ ಭಾಗ ಇಷ್ಟ, ನಡುವೆ ತುರುಕಿದ ಮಾದಕವಸ್ತು ಕಳ್ಳರ ಕಥೆ ಬೋರು. ಆಮೇಲೆ ಡಯೇನ್ ಕೀಟನ್ ನಟಿಸಿದ ‘ದ ಗುಡ್ ಮದರ್’ ಗಂಭೀರ ಚಿತ್ರ, ಓಡಲಿಲ್ಲ. ಇನ್ನೆರಡು ಹಾಸ್ಯ ಚಿತ್ರಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ.

ಕವಿತೆಗಳೂ ಇವೆ. 1973ರಿಂದ ಒಂದರ ಹಿಂದೆ ಒಂದು ಸಂಕಲನ, ಪ್ರೀತಿ, ಒಂಟಿತನ, ಕೈ ಹಿಡಿ, ಜೊತೆಗಿರು. ಸ್ಪಾಕ್ ಓದಿದ್ದರೆ ಹುಬ್ಬು ಏರಿಸುತ್ತಿದ್ದ, ನಾನೂ ಏರಿಸಿದೆ. ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್ ಜೊತೆ ಮಾತಾಡಿ ಹುಟ್ಟಿಸಿದ ಕಲ್ಪನೆಯಿಂದ 1995ರಲ್ಲಿ ‘ಪ್ರೈಮಾರ್ಟಲ್ಸ್’ ಅನ್ನುವ ಕಾಮಿಕ್ಸ್ ಬಂತು, ಅದರಲ್ಲಿ ಅವರ ಹೆಸರೇ ದೊಡ್ಡದು. ಇವಕ್ಕಿಂತ ನೂರು ಪಾಲು ಮೇಲು ‘ವಿನ್ಸೆಂಟ್’ ಅನ್ನುವ ಏಕವ್ಯಕ್ತಿ ನಾಟಕ. ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಸತ್ತ ಮೇಲೆ ತಮ್ಮ ಥಿಯೋ ಜನರ ಮುಂದೆ ನಿಂತು ಅಣ್ಣನ ಪತ್ರಗಳನ್ನು ಓದುತ್ತಾ ಮಾತಾಡುತ್ತಾನೆ. ಇನ್ನೊಬ್ಬ ಲೇಖಕರ ನಾಟಕ ಹಿಡಿದು ತಾವೇ ಹೊಸದಾಗಿ ಬರೆದು, ತಾವೇ ಆಡಿ, ಊರೂರು ತಿರುಗಿದರು. ಗಮನಿಸಿ, ಇಲ್ಲೂ ಅವರು ಆರಿಸಿಕೊಂಡದ್ದು ಪಕ್ಕದಲ್ಲಿ ನಿಂತವನ ಪಾತ್ರ.

ಫೋಟೋಗ್ರಫಿ ಮಾತ್ರ ಖಯಾಲಿ ಅಲ್ಲ, ಕೊನೆಯ ಇಪ್ಪತ್ತು ವರ್ಷಗಳ ನಿಜವಾದ ಕೆಲಸ. ಮೂಡಿಗೆರೆಯಲ್ಲಿ ತೇಜಸ್ವಿ ಬರೆಯುತ್ತಾ, ಹಕ್ಕಿ ಫೋಟೋ ತೆಗೆಯುತ್ತಾ, ಮೀನು ಹಿಡಿಯುತ್ತಾ ಇದ್ದದ್ದನ್ನು ಕಂಡ ನಮಗೆ ಒಬ್ಬ ಮನುಷ್ಯ ನಾಲ್ಕಾರು ಕೆಲಸ ಮಾಡುವುದು ವಿಚಿತ್ರ ಅನ್ನಿಸಬೇಕಾಗಿಲ್ಲ. ‘ದ ಫುಲ್ ಬಾಡಿ ಪ್ರಾಜೆಕ್ಟ್’ 2007ರಲ್ಲಿ ಬಂತು, ದಪ್ಪ ಮೈಯ ಹೆಂಗಸರು ಯಾವ ಮುಜುಗರವೂ ಇಲ್ಲದೆ ಕ್ಯಾಮೆರಾ ನೋಡುವ ಚಿತ್ರಗಳು. 2010ರ ‘ಸೀಕ್ರೆಟ್ ಸೆಲ್ವ್ಸ್’ ನನಗೆ ಎಲ್ಲಕ್ಕಿಂತ ಇಷ್ಟ. ಒಂದು ಊರಿನ ಮಾಮೂಲಿ ಜನರನ್ನು ಕರೆದು, ಯಾರಿಗೂ ಗೊತ್ತಿಲ್ಲದ ನಿಮ್ಮೊಳಗಿನ ಇನ್ನೊಬ್ಬ ಯಾರೋ ಅವರ ವೇಷದಲ್ಲಿ ಬನ್ನಿ ಅಂತ ಹೇಳಿ ಫೋಟೋ ತೆಗೆದರು. ಕಿವಿ ಅಂಟಿಸಿಕೊಂಡು ಜೀವಮಾನ ಕಳೆದವರಿಗೆ ಮಾತ್ರ ಹೊಳೆಯುವ ಉಪಾಯ ಇದು ಅಲ್ವಾ.

2015ರ ಫೆಬ್ರವರಿ 27ರಂದು, 83ನೇ ವಯಸ್ಸಿನಲ್ಲಿ ತೀರಿಕೊಂಡರು, ಶ್ವಾಸಕೋಶದ ಕಾಯಿಲೆ. ಸಿಗರೇಟು ಬಿಟ್ಟು ಮೂವತ್ತು ವರ್ಷ ಆಗಿತ್ತು, ಇನ್ನೂ ಮೊದಲೇ ಬಿಡಬೇಕಿತ್ತು ಅಂತ ಟ್ವಿಟರ್‌ನಲ್ಲಿ ಅವರೇ ಬರೆದುಕೊಂಡಿದ್ದರು. ಮಗ ಆಡಮ್ ಮಾಡಿದ ‘ಫಾರ್ ದ ಲವ್ ಆಫ್ ಸ್ಪಾಕ್’ ಸಾಕ್ಷ್ಯಚಿತ್ರ ಮರುವರ್ಷ ಬಂತು. ಅಪ್ಪ ಮಗನ ನಡುವೆ ವರ್ಷಗಟ್ಟಲೆ ಮಾತು ಸರಿಯಿಲ್ಲದಿದ್ದದ್ದು, ಅಪ್ಪನ ಕುಡಿತ, ಎಲ್ಲವೂ ಅದರಲ್ಲಿದೆ. ಬರೀ ಹೊಗಳಿಕೆ ಬೇಕಾದವರಿಗೆ ಅಲ್ಲ.

ಹೊಸಬರು ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ, 79 ಕಂತು ನೋಡಿ ಅಂತ ಹೇಳುವಷ್ಟು ಕಟುಕ ನಾನಲ್ಲ. ಸ್ಪಾಕ್ ಸಾಯುವ ಎರಡನೇ ಚಿತ್ರ ನೋಡಿ, ಮೂರನೆಯದನ್ನು ಬೇಕಿದ್ದರೆ ಅಡುಗೆ ಕೆಲಸ ಮಾಡಿಕೊಂಡು ನೋಡಿ, ನಾಲ್ಕನೆಯದಕ್ಕೆ ಮನೆಯವರನ್ನೆಲ್ಲ ಕೂರಿಸಿಕೊಳ್ಳಿ. ಮಕ್ಕಳೂ ನೋಡಬಹುದು, ಅಜ್ಜಿಯರೂ ನೋಡಬಹುದು. ಪುಸ್ತಕದಲ್ಲಿ ಎರಡನೆಯದು ಸುಲಭವಾಗಿ ಸಿಗುತ್ತದೆ. ಮೊದಲನೆಯದು ಹಳೆ ಪುಸ್ತಕದಂಗಡಿಯಲ್ಲಿ ಯಾರಿಗಾದರೂ ಕಂಡರೆ ಬಿಡಬೇಡಿ, ನಿಮಗೆ ಬೇಡವಾದರೆ ನನಗೆ ತಿಳಿಸಿ. ನನ್ನ ಪ್ರತಿಯನ್ನು ಓದೋಕೆ ಅಂತ ತಗೊಂಡು ಹೋದವರು ಯಾರು ಅಂತ ಅವರಿಗೂ ಗೊತ್ತು, ನನಗೂ ಗೊತ್ತು.